ಅತ್ತೆಯ ಬಾಯಿ, ರುಕ್ಕೂಬಾಯಿಯ ಕೈ

ಮೊಮ್ಮಗನ ಮದುವೆಗೆ ಬಟ್ಟೆ ತರಲೆಂದು ಹೋದ ತಿಂಗಳು ನಾವೆಲ್ಲ ಬೆಂಗಳೂರಿಗೆ ಹೋಗಿದ್ದೆವು. ಚಿಕ್ಕಪೇಟೆಯಲ್ಲಿ ಸೀರೆ ಆರಿಸಿ ಮುಗಿಯುವಷ್ಟರಲ್ಲಿ ಹೊತ್ತು ನೆತ್ತಿ ದಾಟಿತ್ತು. "ಅಜ್ಜಿ, ನಿಂಗೆ ಇಷ್ಟವಾದ ಹೋಟ್ಲು ಯಾವ್ದಾದ್ರೂ ಇದ್ರೆ ಹೇಳು, ಅಲ್ಲೇ ಹೋಗಾನ" ಎಂದ ಮೊಮ್ಮಗ. ಅಜ್ಜಿಗೆ ಬೆಂಗಳೂರಿನ ಹೋಟೆಲು ಏನು ಗೊತ್ತು ಎಂಬ ತಮಾಷೆ ಅವನ ದನಿಯಲ್ಲಿತ್ತು. ನಾನು ಉತ್ತರ ಹೇಳುವ ಮೊದಲೇ ಪಕ್ಕದ ಸಂದಿಯಿಂದ ಹುರಿದ ಕೊತ್ತಂಬರಿ ಬೀಜ, ಚಕ್ಕೆ, ಸುಟ್ಟ ಈರುಳ್ಳಿಯ ವಾಸನೆ ಬಂದು ಮುಖಕ್ಕೆ ತಾಗಿತು. ನಡೆಯುತ್ತಿದ್ದವಳು ನಿಂತುಬಿಟ್ಟೆ.

ನನಗೆ ಇಷ್ಟವಾದ ಹೋಟೆಲುಗಳು ಇದ್ದವು. ಒಂದಲ್ಲ, ಮೂರು. ಈಗ ಅವು ಯಾವುವೂ ಇಲ್ಲ. ಅವುಗಳಲ್ಲಿ ಉಂಡದ್ದು ಒಂದೇ ಒಂದು ಚಳಿಗಾಲ. ಅದೂ ನನಗಾಗಿ ಹೋಗಿದ್ದಲ್ಲ, ಅತ್ತೆಗಾಗಿ.

ಆಗ ದೊಡ್ಡ ಯುದ್ಧ ನಡೆಯುತ್ತಿತ್ತು. ನಾನು ಮತ್ತಿಗಿರಿಯಿಂದ ಉದ್ದನಪಲ್ಲಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅತ್ತೆ ದೊಡ್ಡತಾಯಮ್ಮನವರು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಹೊಲ, ದನ, ಆಳುಕಾಳು ಎಲ್ಲವನ್ನೂ ಒಬ್ಬರೇ ನೋಡಿಕೊಂಡು, ಒಬ್ಬನೇ ಮಗನನ್ನು ಬೆಳೆಸಿದವರು. ಅವರು ಹೇಳುವುದು, ಉಳಿದವರು ಕೇಳುವುದು. ಮನೆಯ ರೀತಿಯೇ ಹಾಗಿತ್ತು. ನಾನು ಅವರ ಎದುರು ತಲೆ ಎತ್ತಿ ಮಾತನಾಡಿದ್ದೇ ಇಲ್ಲ.

ಆ ವರ್ಷ ರಾಗಿ ಚೆನ್ನಾಗಿ ಬಂದಿತ್ತು. ಕಣದಲ್ಲಿ ಮೆದೆ ಒಟ್ಟಿ ಆಳುಗಳು ಇಳಿದಿದ್ದರು. ಅತ್ತೆಗೆ ಬೇರೆಯವರು ಒಟ್ಟಿದ ಮೆದೆಯ ಮೇಲೆ ನಂಬಿಕೆಯಿಲ್ಲ. ಮಾರನೆಯ ಬೆಳಿಗ್ಗೆ ಏಣಿ ಹಾಕಿಕೊಂಡು ತಾವೇ ಹತ್ತಿದರು. ಕೆಳಗೆ ನಿಂತ ನಮ್ಮ ಯಜಮಾನರು ಕೂಗಿದರು: "ಅಮ್ಮೋ, ಇಳಿಯಮ್ಮೋ! ಇಬ್ಬನಿ ಬಿದ್ದದೆ, ಜಾರ್ತದೆ."

"ನಂಗೆ ಹೇಳ್ಕೊಡಕ್ಕೆ ಬಂದ್ಯೇನ್ಲಾ? ನೀ ಹುಟ್ಟಕ್ ಮುಂಚೆಯಿಂದ ಮೆದೆ ಹತ್ತೀನಿ ಕಣ್ಲಾ" ಎನ್ನುತ್ತಲೇ ಅತ್ತೆ ತುದಿಯ ಕಟ್ಟೊಂದನ್ನು ಎಳೆದರು. ಕಟ್ಟು ಕೈಗೆ ಬಂತು, ಅತ್ತೆ ಕೆಳಕ್ಕೆ ಬಂದರು.

ತೊಡೆಯ ಮೂಳೆ ಮುರಿದಿತ್ತು. ಕಟ್ಟು ಕಟ್ಟುವವರನ್ನು ಕರೆಸಿ ಬಿದಿರಿನ ದಬ್ಬೆ ಇಟ್ಟು ಕಟ್ಟಿಸಿದ್ದಾಯಿತು. ಆದರೆ ನಾಲ್ಕಾರು ದಿನದಲ್ಲಿ ಕಾಲು ಊದಿ ಮಡಕೆಯಂತಾಯಿತು, ಜ್ವರ ಬಂತು. ಬೆಂಗಳೂರಿನ ದೊಡ್ಡಾಸ್ಪತ್ರೆಯೇ ಗತಿ ಎಂದರು. ಹೊಸೂರಿಗೆ ಬರುತ್ತಿದ್ದ ಪುಟ್ಟ ರೈಲನ್ನು ಯುದ್ಧದ ಕಾರಣಕ್ಕೆ ನಿಲ್ಲಿಸಿ ಹಳಿಯನ್ನೇ ಕಿತ್ತುಕೊಂಡು ಹೋಗಿದ್ದರು. ಪೆಟ್ರೋಲು ಸಿಗದೆ ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ, ಏರು ಬಂದಾಗಲೆಲ್ಲ ಜನ ಇಳಿದು ತಳ್ಳಬೇಕಿತ್ತು. ಅದರಲ್ಲಿ ಅತ್ತೆಯನ್ನು ಕೂರಿಸುವುದಾದರೂ ಹೇಗೆ? ಕೊನೆಗೆ ನಮ್ಮದೇ ಗಾಡಿಗೆ ಮೊಳಕಾಲುದ್ದ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಕಿ ಮಲಗಿಸಿಕೊಂಡು ಹೊರಟೆವು. ಕೆಳಮಂಗಲ ದಾಟಿ, ಹೊಸೂರು ದಾಟಿ ಅತ್ತಿಬೆಲೆಯ ಗಡಿಗೆ ಬಂದಾಗ ಕಾವಲಿನ ಜವಾನರು ಗಾಡಿ ತಡೆದರು. ಕಾಳುಕಡ್ಡಿಯನ್ನು ಮದರಾಸಿನ ಕಡೆಯಿಂದ ಮೈಸೂರು ಸೀಮೆಗೆ ದಾಟಿಸುವಂತಿರಲಿಲ್ಲ. ನಾನು ಬೆಂಗಳೂರಿನಲ್ಲಿ ಬೇಯಿಸಿ ಹಾಕೋಣವೆಂದು ತಂದಿದ್ದ ರಾಗಿ ಹಿಟ್ಟಿನ ಮೂಟೆ ಅಲ್ಲೇ ಉಳಿಯಿತು. ಅತ್ತೆ ಮಲಗಿದ್ದಲ್ಲಿಂದಲೇ ಆ ಜವಾನರಿಗೆ ತೆಲುಗಿನಲ್ಲೂ ತಮಿಳಿನಲ್ಲೂ ಬೈದರು. ಪಾಪ, ಅವರು ನಕ್ಕು, "ಹುಷಾರಾಗಿ ಹೋಗಿ ಬಾ ತಾಯಿ" ಎಂದು ಕಳಿಸಿದರು.

ಆಸ್ಪತ್ರೆಯಲ್ಲಿ ಅತ್ತೆಯ ಕಾಲಿಗೆ ಮರಳಿನ ಚೀಲ ಕಟ್ಟಿ ಮಂಚದ ತುದಿಯಿಂದ ತೂಗುಬಿಟ್ಟರು. ಮೂಳೆ ಕೂಡುವವರೆಗೆ ಅಲುಗಾಡುವ ಹಾಗಿಲ್ಲ. ಹೆಂಗಸರ ವಾರ್ಡಿನಲ್ಲಿ ಜೊತೆಗೊಬ್ಬ ಹೆಂಗಸು ಮಾತ್ರ ಇರಬಹುದು. ಯಜಮಾನರು ಗಾಡಿ ಹೊಡೆದುಕೊಂಡು ಊರಿಗೆ ಹೋದರು. ಒಕ್ಕಣೆ ಅವರನ್ನು ಕಾಯುತ್ತಿತ್ತು. ವಾರಕ್ಕೊಮ್ಮೆ ಇದ್ದಲು ಬಸ್ಸಿನಲ್ಲಿ ಬಂದು ಹೋಗುವುದೆಂದಾಯಿತು.

ಅತ್ತೆ ಆಸ್ಪತ್ರೆಯಲ್ಲಿ ಕೊಟ್ಟ ಬ್ರೆಡ್ಡನ್ನು ಬೆರಳಿನಿಂದ ಒತ್ತಿ ನೋಡಿದರು. "ಇದೇನು, ಗಾಯಕ್ಕೆ ಇಡೋ ಅರಳೆನಾ, ತಿನ್ನೋದಾ?" ಎಂದು ಪಕ್ಕಕ್ಕೆ ತಳ್ಳಿದರು. ಗಂಜಿಯನ್ನೂ ಮುಟ್ಟಲಿಲ್ಲ. ಹಿಟ್ಟು ಗಡಿಯಲ್ಲಿ ಹೋಗಿತ್ತು. ಬೇರೆ ದಾರಿಯಿಲ್ಲದೆ ನಾನು ಸೆರಗು ಬಿಗಿದುಕೊಂಡು ಆ ಮಹಾ ಪಟ್ಟಣದ ಬೀದಿಗೆ ಇಳಿದೆ.

ಮೊದಲು ಹೋಗಿದ್ದು ಮಾರುಕಟ್ಟೆಯ ಹತ್ತಿರ ಉಡುಪಿ ಕಡೆಯವರೊಬ್ಬರು ನಡೆಸುತ್ತಿದ್ದ ಕಾಫಿ ಹೋಟೆಲಿಗೆ. ಒಳಗೆಲ್ಲ ಗಂಡಸರೇ. ಬಾಗಿಲಲ್ಲಿ ನಿಂತು ಮುಂದೆ ಹೆಜ್ಜೆ ಇಡಲಾರದೆ ಹಿಂದಕ್ಕೂ ಹೋಗಲಾರದೆ ಇದ್ದೆ. ಗಲ್ಲಾದ ಮೇಲಿದ್ದ ಮುದುಕರು ನೋಡಿ, "ಬನ್ನಿ ತಾಯಿ, ಹೆಂಗಸರಿಗೆ ಪರದೆ ಉಂಟು" ಎಂದು ಮೂಲೆ ತೋರಿಸಿದರು. ಪಕ್ಕದಲ್ಲಿ ಇನ್ನೊಂದು ಕೋಣೆಗೆ 'ಬ್ರಾಹ್ಮಣರಿಗೆ ಮಾತ್ರ' ಎಂದು ಹಲಗೆ ಇತ್ತು. ಓದು ಬರುತ್ತಿದ್ದುದರಿಂದ ಅದರತ್ತ ಹೋಗದೆ ಪರದೆಯ ಹಿಂದೆ ಕೂತೆ. ಜೀವನದಲ್ಲಿ ಮೊದಲ ಸಲ ಮಸಾಲೆ ದೋಸೆ ತಿಂದೆ. ಬಿಸಿಗೆ ಬೆರಳು ಸುಟ್ಟಿತು, ತುಪ್ಪದ ವಾಸನೆಗೆ ಕಣ್ಣು ತುಂಬಿತು. ಯಾರಿಗೂ ಬಡಿಸದೆ, ಯಾರ ಕರೆಗೂ ಏಳದೆ, ಕೂತು ಬಿಸಿಬಿಸಿ ತಿಂದದ್ದು ಅದೇ ಮೊದಲು.

ಅತ್ತೆಗೊಂದನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಹೋದೆ. ಅವರು ಮಡಿಕೆ ಬಿಚ್ಚಿ ನೋಡಿದರು.

"ದೋಸೆ ಒಳಗೆ ಪಲ್ಯ ಬಚ್ಚಿಟ್ಟವ್ರಲ್ಲ, ಯಾರ ಭಯಕ್ಕೆ?"

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯ ಎದುರು ನಾನು ನಕ್ಕಿದ್ದು ಅದೇ ಮೊದಲು. ಅವರು ಗದರುತ್ತಾರೆಂದುಕೊಂಡೆ. ಗದರಲಿಲ್ಲ. ಅರ್ಧ ತಿಂದರು.

ಎರಡನೆಯದು ಹೋಟೆಲೆಂದರೆ ಹೋಟೆಲಲ್ಲ. ಪೇಟೆಯ ಓಣಿಯಲ್ಲಿ ಒಂದು ಮನೆಯ ಜಗಲಿ. ಅವರೆ ಕಾಲದಲ್ಲಿ ಮಾತ್ರ ಆ ಮನೆಯ ಅತ್ತಿಗೆ ನಾದಿನಿಯರು ಕೂತು ಅವರೆಕಾಳು ಹಿಸುಕುತ್ತ, ಒಳಗಿನಿಂದ ಬಿಸಿ ಉಪ್ಪಿಟ್ಟು ತಂದು ಮುತ್ತುಗದೆಲೆಗೆ ಹಾಕಿಕೊಡುತ್ತಿದ್ದರು. ನಾನೂ ಜಗಲಿಯಲ್ಲಿ ಕೂತು ಅವರ ಜೊತೆ ಕಾಳು ಹಿಸುಕುತ್ತಿದ್ದೆ. ಊರು ಬಿಟ್ಟು ಬಂದ ಬೇಸರ ಅಲ್ಲಿ ಸ್ವಲ್ಪ ಕಳೆಯುತ್ತಿತ್ತು. ಅತ್ತೆ ಆ ಉಪ್ಪಿಟ್ಟನ್ನು ಮೂಸಿ, "ಇದ್ಕೆ ಸೊಗಡೇ ಇಲ್ಲ. ನಮ್ಮ ಹೊಲದ ಕಾಯಿ ಮೂಟೇಲಿ ಕಟ್ಟಿದ್ರೂ ಮೂರು ಬೀದಿಗೆ ಗೊತ್ತಾಯ್ತದೆ" ಎಂದರು. ಆದರೂ ತಿಂದರು.

ಸಂಕ್ರಾಂತಿ ಕಳೆದ ಮೇಲೆ ಅತ್ತೆ ಅಷ್ಟು ತಿನ್ನುವುದೂ ನಿಂತಿತು. ಮಲಗಿ ಮಲಗಿ ಅವರ ಬೆನ್ನು ಹುಣ್ಣಾಗತೊಡಗಿತ್ತು. ಪಕ್ಕದ ಮಂಚದ ಹೆಂಗಸು ತೀರಿಹೋಗಿದ್ದಳು. ಅತ್ತೆ ಗೋಡೆಯತ್ತ ಮುಖ ತಿರುಗಿಸಿ ಮಲಗಿದರೆ ತಿರುಗುತ್ತಲೇ ಇರಲಿಲ್ಲ. ಏನು ತಂದರೂ "ಬ್ಯಾಡ" ಎಂಬ ಒಂದೇ ಮಾತು. ಯಜಮಾನರು ಬಂದಾಗ ಅವರ ಕೈ ಹಿಡಿದು, "ಮುನ್ಯಪ್ಪ, ನನ್ನ ಊರಿಗೆ ಕರ್ಕೊಂಡೋಗ್ಬುಡ್ಲಾ. ಸಾಯೋದು ಅಲ್ಲೇ ಸಾಯ್ತೀನಿ" ಎಂದರು. ಮೆದೆ ಹತ್ತಿದ ಹೆಂಗಸಿನ ದನಿ ಅದಾಗಿರಲಿಲ್ಲ. ಯಜಮಾನರು ವರಾಂಡಕ್ಕೆ ಹೋಗಿ ಕಂಬಕ್ಕೆ ಹಣೆಯಿಟ್ಟು ನಿಂತರು. ಹೀಗೇ ಊಟ ಬಿಟ್ಟರೆ ಮೂಳೆ ಕೂಡುವುದಿಲ್ಲ, ಮುಂದಿನದನ್ನು ತಾವು ಹೇಳಲಾರೆವು ಎಂದು ಡಾಕ್ಟರು ಹೇಳಿ ಹೋಗಿದ್ದರು.

ಸೇಲಂ ಕಡೆಯ ನರ್ಸಮ್ಮ ಒಬ್ಬರಿದ್ದರು. ನನಗೆ ತಮಿಳು ಬರುತ್ತದೆಂದು ತಿಳಿದು ಪಕ್ಕಕ್ಕೆ ಕರೆದು, "ಆಟ್ಟುಕ್ಕಾಲ್ ಸೂಪು ಕುಡುಮ್ಮಾ" ಎಂದರು. ಮೇಕೆ ಕಾಲಿನ ಸಾರು ಕೊಡು ಎಂದರ್ಥ. ಎಲ್ಲಿ ಸಿಗುತ್ತದೆ ಎಂದು ಕೇಳಿದೆ. "ಮಿಲಿಟ್ರಿ ಹೋಟೆಲ್" ಎಂದರು.

ಊರೆಲ್ಲ ಸಿಪಾಯಿಗಳು ತುಂಬಿದ್ದ ಕಾಲ. ಮಿಲಿಟರಿ ಹೋಟೆಲೆಂದರೆ ದಂಡಿನವರ ಹೋಟೆಲೆಂದೇ ನಾನು ತಿಳಿದೆ. ಆದರೂ ಹೊರಟೆ. ಹುಡುಕಿಕೊಂಡು ಹೋದರೆ, ಸಂದಿಯೊಳಗೆ ಹೊಗೆ ಹಿಡಿದ ಒಂದು ಹೆಂಚಿನ ಮನೆ. ಬೆಂಚುಗಳ ಮೇಲೆ ಗಾಡಿ ಹೊಡೆಯುವವರು, ಮೂಟೆ ಹೊರುವವರು ಮುದ್ದೆ ಮುರಿಯುತ್ತಿದ್ದರು. ಹೆಂಗಸೆಂಬ ಪ್ರಾಣಿ ಒಂದೂ ಇಲ್ಲ, ಪರದೆಯೂ ಇಲ್ಲ. ನಾನು ಗೋಡೆಗೆ ಅಂಟಿಕೊಂಡು ನಿಂತೆ. ಹಿತ್ತಲ ಕಡೆಯಿಂದ ಒಬ್ಬ ಹೆಂಗಸು ಬೂದಿ ಚೆಲ್ಲಲು ಬಂದವರು ನನ್ನನ್ನು ನೋಡಿದರು. ಕಚ್ಚೆ ಸೀರೆ, ದೊಡ್ಡ ಮೈ, ಮೊಣಕೈವರೆಗೂ ಮಸಾಲೆ.

"ಯಾರಮ್ಮ ನೀನು? ಯಾರನ್ನು ಕಾಯ್ತಾ ಇದ್ದೀಯ?"

"ಕಾಲು ಸಾರು ಬೇಕಾಗಿತ್ತು. ನಮ್ಮತ್ತೆಗೆ. ಮೂಳೆ ಮುರ್ದದೆ, ದೊಡ್ಡಾಸ್ಪತ್ರೇಲವ್ರೆ."

"ಅತ್ತೆಗಾ?" ಅವರು ಬೂದಿಯ ಬುಟ್ಟಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅತ್ತೆಗೋಸ್ಕರ ಈ ಗಂಡಸರ ಮಧ್ಯೆ ಬಂದು ನಿಂತಿದ್ದೀಯಾ? ಬಾ ಒಳಗೆ."

ಅವರೇ ರುಕ್ಕೂಬಾಯಿ. ಮರಾಠಿಯವರು. ಗಂಡ ತೀರಿಕೊಂಡ ಮೇಲೆ ಮೈದುನನನ್ನು ಮುಂದೆ ಬಡಿಸಲು ನಿಲ್ಲಿಸಿ, ಹಿಂದೆ ಒಲೆಯನ್ನು ತಾವೇ ಹಿಡಿದವರು. ಅವರ ಒಬ್ಬನೇ ಮಗ ದಂಡಿಗೆ ಸೇರಿ ಬರ್ಮಾದ ಕಡೆ ಇದ್ದ. ಅಡಿಗೆಮನೆಯ ಮೊಳೆಗೆ ಅವನದೊಂದು ಟೋಪಿ ತೂಗುತ್ತಿತ್ತು. ಅಂದು ಅವರು ತಂಬಿಗೆ ತುಂಬ ಕಾಲು ಸಾರು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೆತ್ತನೆ ಮುದ್ದೆ ಕೊಟ್ಟು ಕಳಿಸಿದರು.

ಅತ್ತೆ ಗೋಡೆಯತ್ತಲೇ ಮಲಗಿದ್ದರು. ತಂಬಿಗೆಯ ಮುಚ್ಚಳ ತೆಗೆದೆ. ಮೂಗು ಮೊದಲು ಅಲುಗಿತು, ಆಮೇಲೆ ತಲೆ ತಿರುಗಿತು. ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಮುದ್ದೆಯ ತುತ್ತನ್ನು ನುಂಗಿ, ಬಹಳ ದಿನದ ಮೇಲೆ ನನ್ನ ಮುಖ ನೋಡಿದರು.

"ಯಾರೇ ಇದನ್ನ ಮಾಡಿದ್ದು? ಹುಣಸೆಮರಾನೇ ಹಿಂಡವ್ಳಲ್ಲ! ಹೋಗಿ ಹೇಳು ಅವ್ಳಿಗೆ, ಕಾಲು ಸಾರಿಗೆ ಹುಳಿ ಅಷ್ಟು ಬೀಳ್ಬಾರ್ದು ಅಂತ."

ಮಾರನೆಯ ದಿನ ಹೆದರುತ್ತ ಹೆದರುತ್ತ ಹೇಳಿದೆ. ರುಕ್ಕೂಬಾಯಿಯ ಸೌಟು ನಿಂತಿತು. "ಕಾಲು ಮುರಿದರೂ ಬಾಯಿ ನೆಟ್ಟಗಿದೆ ನಿಮ್ಮತ್ತೇದು! ಹಳ್ಳಿಯವರಿಗೆ ಹುಳಿ ಅಂದರೆ ಏನು ಗೊತ್ತು ಅಂತ ಕೇಳಿದೆ ಅಂತ ಹೇಳು" ಎಂದರು. ಹೇಳಿದರು ನಿಜ, ಆದರೆ ಅಂದಿನ ಸಾರಿಗೆ ಹುಳಿ ಕಡಿಮೆಯಿತ್ತು.

ಅಂದಿನಿಂದ ಆ ಇಬ್ಬರು ಹೆಂಗಸರು ಮುಖವನ್ನೇ ನೋಡದೆ ಜಗಳವಾಡತೊಡಗಿದರು. ಮಾತು ಹೊರುವವಳು ನಾನು. ಮುದ್ದೆಯಲ್ಲಿ ಗಂಟಿದೆ ಎಂದು ಇವರು. ಗಂಟಿದ್ದರೆ ಅಗಿಯಲಿ, ಹಲ್ಲಿಲ್ಲವೇ ಎಂದು ಅವರು. ಕೊತ್ತಂಬರಿ ಬೀಜ ಹಳೆಯದು ಎಂದು ಅತ್ತೆ ಮಗನಿಗೆ ಹೇಳಿ ನಮ್ಮ ಹೊಲದ್ದನ್ನೇ ತರಿಸಿ ಕೊಟ್ಟರು, ಅದನ್ನು ಹುರಿದು ಮೂಸಿ ನೋಡಿದ ರುಕ್ಕೂಬಾಯಿ, "ಬೀಜ ಚೆನ್ನಾಗಿದೆ. ಹಾಗಂತ ಹೇಳಬೇಡ ಅವಳಿಗೆ" ಎಂದರು. ನಾನು ಹೇಳಿದೆ. ಅತ್ತೆ ಅಂದು ಇಡೀ ಮುದ್ದೆ ಮುಗಿಸಿದರು. ಅತ್ತೆಯ ಕಾಲಿನಿಂದ ಮರಳಿನ ಚೀಲ ಇಳಿಸಿದ ದಿನ ರುಕ್ಕೂಬಾಯಿ ಕೇಳದೆಯೇ ಮೇಕೆಯ ಮೆದುಳನ್ನು ಹುರಿದು ಕಳಿಸಿದರು. ಬೆಳಗಾದರೆ ಅತ್ತೆ ಕೇಳುತ್ತಿದ್ದ ಮೊದಲ ಮಾತೇ, "ಏನಂದ್ಲು ಅವ್ಳು?"

ನನಗೂ ಆ ಅಡಿಗೆಮನೆ ಅಭ್ಯಾಸವಾಯಿತು. ಒಲೆಯ ಮುಂದೆ ಮಣೆ ಹಾಕಿ ರುಕ್ಕೂಬಾಯಿ ನನಗೂ ಬಡಿಸುತ್ತಿದ್ದರು. ತಿನ್ನುವಾಗ ಮಗನ ಮಾತು ಬರುತ್ತಿತ್ತು. ಅವನಿಗೆ ಮಾಂಸಕ್ಕಿಂತ ಚಟ್ನಿಯೇ ಇಷ್ಟವಂತೆ. "ಮಿಲಿಟರಿ ಹೋಟೆಲಿನಲ್ಲಿ ಹುಟ್ಟಿದವನಿಗೆ ಚಟ್ನಿ ಸಾಕಂತೆ" ಎಂದು ನಗುತ್ತಿದ್ದರು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ಹೋದಾಗ ಬಾಗಿಲು ಮುಚ್ಚಿತ್ತು. ಗಿರಾಕಿಗಳು ಸಂದಿಯಲ್ಲಿ ತಲೆವಸ್ತ್ರ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ತಂತಿ ಬಂದಿತ್ತು. ಮಗ ಇನ್ನಿಲ್ಲ. ಹಿತ್ತಲಿನಿಂದ ಒಳಗೆ ಹೋದೆ. ಒಲೆ ತಣ್ಣಗಿತ್ತು. ರುಕ್ಕೂಬಾಯಿ ಅದರ ಮುಂದೆ ಕೂತು ಬೂದಿಯನ್ನೇ ನೋಡುತ್ತಿದ್ದರು. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಸದಾ ಬೆಚ್ಚಗಿರುತ್ತಿದ್ದ ಆ ಕೈ ಅಂದು ಒಲೆಯಷ್ಟೇ ತಣ್ಣಗಿತ್ತು.

ಬರಿಗೈಯಲ್ಲಿ ವಾರ್ಡಿಗೆ ಬಂದ ನನ್ನನ್ನು ನೋಡಿ ಅತ್ತೆ, "ಏನಂದ್ಲು?" ಎಂದರು. ಹೇಳಿದೆ. ಅವರು ಸೂರಿನತ್ತ ಮುಖ ತಿರುಗಿಸಿ, "ಒಬ್ನೇ ಮಗ" ಎಂದರು. ಅಂದು ಬ್ರೆಡ್ಡು ತಂದಿಟ್ಟರೆ ಬೈಯದೆ ತಿಂದರು.

ಮುಂದಿನ ವಾರ ಆಸ್ಪತ್ರೆಯಿಂದ ಬಿಟ್ಟರು. ಯಜಮಾನರು ಗಾಡಿ ತಂದಿದ್ದರು. ಕಂಕುಳಿಗೆ ಕೋಲು ಕೊಟ್ಟು ಮೆಲ್ಲಗೆ ನಡೆಯಲು ಕಲಿಸಿದ್ದರು. ಗಾಡಿ ಏರಿ ಕೂತ ಅತ್ತೆ, "ಎತ್ತ ಕಡೆ ತಿರುಗಿಸ್ತೀಯ?" ಎಂದು ಮಗನನ್ನು ಕೇಳಿದರು.

"ಊರ ಕಡೆಗಮ್ಮ. ಬಿಸ್ಲು ಏರಕ್ ಮುಂಚೆ ಅತ್ತಿಬೆಲೆ ಸೇರಾನ."

"ಊರು ಎಲ್ಲೂ ಹೋಗಲ್ಲ. ಅವ್ಳ ಮನೆಗೆ ಹೊಡಿಲಾ."

"ಯಾರ ಮನೇಗೆ?"

"ಗೌರಿಗೆ ಗೊತ್ತು" ಎಂದರು. ಅತ್ತೆಯ ಬಾಯಲ್ಲಿ ನನ್ನ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಅಂದೇ.

ಸಂದಿಯೊಳಗೆ ಗಾಡಿ ಹೋಗಲಿಲ್ಲ. ಅತ್ತೆ ನನ್ನ ಹೆಗಲ ಮೇಲೆ ಭಾರ ಬಿಟ್ಟು, ಹೆಜ್ಜೆಹೆಜ್ಜೆಗೂ ಹಲ್ಲು ಕಚ್ಚುತ್ತ ನಡೆದರು. ಅಡಿಗೆಮನೆಯಲ್ಲಿ ರುಕ್ಕೂಬಾಯಿ ಅದೇ ಜಾಗದಲ್ಲಿ ಕೂತಿದ್ದರು. ಬಡವಾಗಿದ್ದರು. ಎರಡು ತುತ್ತು ಒಳಗೆ ಹೋಗಿದ್ದರೆ ಹೆಚ್ಚು ಎಂದು ಮೈದುನ ಪಿಸುಗುಟ್ಟಿದರು. ಅತ್ತೆ ಅವರ ಎದುರಿನ ಗೋಡೆಗೆ ಒರಗಿ, ಸರಿಯಾಗದ ಕಾಲನ್ನು ಚಾಚಿ ಕೂತರು.

"ನಾನು ಉದ್ದನಪಲ್ಲಿಯೋಳು. ಗೌರಿ ಅತ್ತೆ."

ರುಕ್ಕೂಬಾಯಿ ತಲೆ ಎತ್ತಿ ನೋಡಿದರು. ಅವರ ಕಣ್ಣು ಅತ್ತೆಯ ಮುಖದಿಂದ ಚಾಚಿದ ಕಾಲಿಗೆ ಇಳಿಯಿತು. ಅತ್ತೆ ಸಮಾಧಾನದ ಮಾತು ಹೇಳಲಿಲ್ಲ. ನನ್ನ ಕಡೆ ತಿರುಗಿ, "ಒಲೆ ಹಚ್ಚು" ಎಂದರು.

ನಾನು ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟೆ. ಹುರಿಗಡಲೆ, ಹಸಿಮೆಣಸಿನಕಾಯಿ, ಕಾಯಿ ಹಾಕಿ ಚಟ್ನಿ ಅರೆದೆ. ಆ ಮನೆಯಲ್ಲಿ ಅಂದು ಏನು ಮಾಡಬೇಕೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ತಟ್ಟೆಯನ್ನು ಮುಂದಿಟ್ಟಾಗ ರುಕ್ಕೂಬಾಯಿ ಚಟ್ನಿಯನ್ನೇ ನೋಡಿದರು. ಅಷ್ಟೂ ದಿನ ಬಾರದಿದ್ದ ಅಳು ಆಗ ಬಂತು. ಗೋಡೆಗಳು ನಡುಗುವ ಹಾಗೆ ಅತ್ತರು. ಅತ್ತೆ ಕೂತಲ್ಲಿಂದಲೇ ತೆವಳಿಕೊಂಡು ಹತ್ತಿರ ಹೋಗಿ ಅವರ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡರು. ಮುದ್ದೆ ಆರಿತು. ನಾನು ಮತ್ತೊಂದು ಕಟ್ಟಿದೆ. ಅದನ್ನು ರುಕ್ಕೂಬಾಯಿ ತಿಂದರು, ಅರ್ಧ.

ನಾವು ಅಂದು ಊರಿಗೆ ಹೊರಡಲಿಲ್ಲ. ಮಾರನೆಯ ದಿನವೂ ಹೊರಡಲಿಲ್ಲ. ಯಜಮಾನರು ಗಾಡಿಯ ಕೆಳಗೆ ಮಲಗಿ, ಎತ್ತಿಗೆ ಹುಲ್ಲು ಹುಡುಕಿ ತಂದು ಹಾಕುತ್ತ ಕಾದರು. ಪಾಪ, ತಾಯಿಯನ್ನು ಒಂದು ಮಾತೂ ಕೇಳಲಿಲ್ಲ. ಮೂರನೆಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಒಲೆ ಊದುವ ಸದ್ದಿಗೆ. ರುಕ್ಕೂಬಾಯಿ ಸೆರಗು ಕಟ್ಟಿ ನಿಂತಿದ್ದರು. ಮಲಗಿದ್ದ ಅತ್ತೆಯ ಮುಂದೆ ತುರಿಮಣೆಯನ್ನೂ ತೆಂಗಿನಕಾಯಿ ಹೋಳುಗಳನ್ನೂ ತಂದಿಟ್ಟು, "ಏಳು, ಕಾಯಿ ತುರಿ. ಜನ ಬರೋ ಹೊತ್ತಾಯಿತು" ಎಂದರು. ಜನ್ಮದಲ್ಲಿ ಯಾರ ಅಪ್ಪಣೆಯನ್ನೂ ಕೇಳದ ನಮ್ಮತ್ತೆ ಎದ್ದು, ಕಾಲು ಚಾಚಿಕೊಂಡು, ಮಣೆಯನ್ನು ಓರೆಯಾಗಿ ಎಳೆದುಕೊಂಡು ತುರಿದರು. ಮಧ್ಯಾಹ್ನದ ಹೊತ್ತಿಗೆ ಬೆಂಚುಗಳು ತುಂಬಿದವು. ಗಿರಾಕಿಗಳು ಅಂದು ಗಲಾಟೆ ಮಾಡದೆ ಉಂಡು, ಕೈತೊಳೆದು, ಒಬ್ಬೊಬ್ಬರಾಗಿ ಅಡಿಗೆಮನೆಯ ಬಾಗಿಲಿಗೆ ಬಂದು ಕೈಮುಗಿದು ಹೋದರು. ನಾವು ಸಂಜೆಯ ತಂಪಿಗೆ ಹೊರಟೆವು.

ಅತ್ತೆ ಕುಂಟುತ್ತಲೇ ಬಹಳ ಕಾಲ ಬದುಕಿದರು. ಮುಂದಿನ ಸುಗ್ಗಿಯಲ್ಲಿ, ಅವರೆ ಹೂ ಬಿಟ್ಟ ಕಾಲಕ್ಕೆ, ರುಕ್ಕೂಬಾಯಿ ನಮ್ಮೂರಿಗೆ ಬಂದರು. ಕೈಯಲ್ಲಿ ಒಂದು ಬಟ್ಟೆಗಂಟು. ಕಾಲು ತೊಳೆದು ಒಳಗೆ ಬಂದವರು ಗಂಟು ಬಿಚ್ಚಿ ಎರಡು ಬಿಳಿ ಅಂಗಿ ತೆಗೆದರು. ಮಗ ರಜೆಯ ಮೇಲೆ ಬರುತ್ತಾನೆಂದು ಹೊಲಿಸಿಟ್ಟಿದ್ದವಂತೆ, ಮಡಿಕೆ ಮುರಿದಿರಲಿಲ್ಲ. ಅವನ್ನು ನಮ್ಮ ಯಜಮಾನರ ಕೈಗಿಟ್ಟರು. ಅವರು ಏನು ಮಾಡಬೇಕೆಂದು ತಿಳಿಯದೆ ತಾಯಿಯ ಮುಖ ನೋಡಿದರು.

"ನೋಡ್ತೀಯೇನ್ಲಾ? ಹಾಕ್ಕೊ" ಎಂದರು ಅತ್ತೆ.

ಕೋಣೆಗೆ ಹೋಗಿ ಹಾಕಿಕೊಂಡು ಬಂದರು. ಭುಜ ಇಳಿಬಿದ್ದಿತ್ತು, ತೋಳು ಬೆರಳು ಮುಚ್ಚುತ್ತಿತ್ತು. ರುಕ್ಕೂಬಾಯಿಯ ಮಗ ನಮ್ಮ ಯಜಮಾನರಿಗಿಂತ ಎತ್ತರದ ಆಳಾಗಿದ್ದನೆಂದು ಆಗ ತಿಳಿಯಿತು. ರುಕ್ಕೂಬಾಯಿ ಹತ್ತಿರ ಬಂದು ಕಾಲರು ನೆಟ್ಟಗೆ ಮಾಡಿದರು. ಒಂದೊಂದೇ ತೋಳನ್ನು ಮಡಿಕೆ ಹಾಕಿ ಮುಂಗೈಗೆ ಏರಿಸಿದರು. ಸ್ವಲ್ಪ ದೂರ ಸರಿದು ನಿಂತು ನೋಡಿದರು.

"ಸರಿಯಾಗಿದೆ" ಎಂದರು. "ಊಟಕ್ಕೆ ಕೂತುಕೋಪ್ಪ."

ಅಂದು ನಮ್ಮ ಮನೆಯಲ್ಲಿ ಅವರೇ ಬಡಿಸಿದರು. ಅತ್ತೆ ಸೌಟನ್ನು ಅವರ ಕೈಗೆ ಕೊಟ್ಟು, ಮಗನ ಪಕ್ಕದಲ್ಲಿ ಬಂದು ಕೂತರು.